ಮದುವೆಯಾಗಿಲ್ಲ ಎಂಬ ಪ್ರಮಾಣ

ತೇಜಶ್ರೀ ಮತ್ತು ಭೀಮೇಶ್ ಒಂಬತ್ತು ವರ್ಷದಿಂದ ಗಂಡಹೆಂಡತಿ. ಮದುವೆಯೊಂದು ಆಗಿಲ್ಲ, ಅಷ್ಟೇ. ಜಾತಿ ಬೇರೆ ಎಂದು ಎರಡೂ ಮನೆಯವರು ಬಾಗಿಲು ಹಾಕಿಕೊಂಡಾಗ ಇಬ್ಬರೂ ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆ ಮನೆ ಹುಡುಕಿದರು. ಮದುವೆಯಾಗದ ಜೋಡಿಗೆ ಯಾರು ಮನೆ ಕೊಡುತ್ತಾರೆ? ಆಗಿದೆ ಎಂದರು, ಮನೆ ಸಿಕ್ಕಿತು. ಮುಂದಿನ ತಿಂಗಳು ಹೇಗೂ ರಿಜಿಸ್ಟರ್ ಆಗುತ್ತೇವಲ್ಲ ಎಂಬ ಧೈರ್ಯ. ಆಮೇಲೆ ನೋಡಿದರೆ ನೋಂದಣಿ ಕಚೇರಿಯ ಬೋರ್ಡಿನಲ್ಲಿ ಮೂವತ್ತು ದಿನ ನೋಟಿಸು ಅಂಟಿಸುತ್ತಾರಂತೆ. ಓಣಿಯ ಅರ್ಧ ಜನ ಅಡಮಾನ, ಕ್ರಯಪತ್ರ ಎಂದು ಅದೇ ಕಚೇರಿಗೆ ಅಲೆಯುವವರು. ಮದುವೆಯಾದವರೆಂದು ಹೆಸರಾದ ಮೇಲೆ ಮದುವೆಯಾಗುವುದು ಎಷ್ಟು ಕಷ್ಟವೆಂದು ಇವರನ್ನು ಕೇಳಬೇಕು.

ಭೀಮೇಶ್ ನಾಲ್ಕೇ ಜನರಿರುವ ಲೇತ್ ಶೆಡ್ಡಿನಲ್ಲಿ ಕೆಲಸಗಾರ. ಕಬ್ಬಿಣ ಎತ್ತಿ ಎತ್ತಿ ಹರ್ನಿಯಾ ಬಂತು. ಬೇಗ ಆಪರೇಷನ್ ಮಾಡಿಸದಿದ್ದರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಅಪಾಯ ಎಂದರು ಸಿ.ವಿ. ರಾಮನ್ ನಗರದ ಡಾಕ್ಟರು. ಖರ್ಚು ಇಬ್ಬರ ಕೈಗೂ ಮೀರಿದ್ದು. ಶೆಡ್ಡಿನವರು ವಿಮೆ ಮಾಡಿಸಿರಲಿಲ್ಲ. ಅವನು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಕೆಲಸಕ್ಕೆ ಹೋದ. ತೇಜಶ್ರೀಗೆ ಮಾತ್ರ ಅವನು ಕೆಮ್ಮಿದರೂ ಭಯವಾಗುತ್ತಿತ್ತು.

ಅವಳು ಮಹದೇವಪುರದ ಕಂಪನಿಯೊಂದರಲ್ಲಿ ಕ್ಯಾಬ್‌ಗಳ ಉಸ್ತುವಾರಿ ನೋಡುತ್ತಿದ್ದಳು. ಆ ಏಪ್ರಿಲ್‌ನಲ್ಲಿ, ಮದುವೆಯಾಗದ ಸಂಗಾತಿಯನ್ನೂ ನೌಕರರ ಆರೋಗ್ಯ ವಿಮೆಗೆ ಸೇರಿಸಬಹುದೆಂದು ಕಂಪನಿಯಿಂದ ಮೇಲ್ ಬಂತು. ಮೊದಲೇ ಇದ್ದ ಕಾಯಿಲೆಗೂ ಅನ್ವಯ. ಶುಕ್ರವಾರ ಕೊನೆಯ ದಿನ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಒಟ್ಟಿಗಿದ್ದೇವೆ ಎನ್ನುವುದಕ್ಕೆ ಅವಳು ಬಾಡಿಗೆ ಕರಾರುಪತ್ರ ಕೊಟ್ಟಳು.

ಎಚ್‌ಆರ್‌ನ ಹಂಸ ಅದನ್ನು ಓದಿದಳು. “ಇದ್ರಲ್ಲಿ ಧರ್ಮಪತ್ನಿ ಅಂತಿದೆಯಲ್ಲ? ಹಾಗಾದ್ರೆ ಮ್ಯಾರೇಜ್ ಸರ್ಟಿಫಿಕೇಟ್ ಕೊಡಿ.”

“ಮದ್ವೆ ಆಗಿಲ್ಲ ಮೇಡಂ.”

“ಹಾಗಂದ್ರೆ ಇದ್ರಲ್ಲಿರೋದು ಸುಳ್ಳು.”

“ಹೌದು ಮೇಡಂ.”

ಹಂಸಳಿಗೆ ಇಂಥ ಉತ್ತರದ ಅಭ್ಯಾಸವಿರಲಿಲ್ಲ. ಇವರಿಬ್ಬರಿಗೆ ಮದುವೆಯಾಗಿಲ್ಲ, ವರ್ಷಕ್ಕೂ ಹೆಚ್ಚು ಕಾಲದಿಂದ ಒಟ್ಟಿಗಿದ್ದಾರೆ, ಇದೆಲ್ಲ ನನಗೆ ಮೊದಲಿನಿಂದ ಗೊತ್ತು ಎಂದು ಮನೆ ಓನರ್‌ನಿಂದ ಅಫಿಡವಿಟ್ ಮಾಡಿಸಿ ತರಲು ಹೇಳಿದಳು.

ಓನರ್ ಎಂದರೆ ಆಂಜನಮ್ಮ. ಒಂದು ಕಾಲದ ರಾಗಿ ಹೊಲದಲ್ಲಿ ಮೂರಂತಸ್ತು ಎಬ್ಬಿಸಿ, ಕೆಳಗೆ ತಾನಿದ್ದು ಮೇಲೆ ಬಾಡಿಗೆಗೆ ಕೊಟ್ಟವಳು. ಅವಳ ಬಾಯಲ್ಲಿ ಸುಳ್ಳು ಬಾರದು. ಮನೆ ನೋಡಲು ಬಂದವರಿಗೆ, ನೀರು ಎರಡು ದಿನಕ್ಕೊಮ್ಮೆ, ಮಳೆ ಬಂದರೆ ಅಡುಗೆಮನೆ ಸೋರುತ್ತೆ ಎಂದು ತಾನೇ ಹೇಳಿ ಓಡಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ ಅವಳು ಸೊಪ್ಪು ಬಿಡಿಸುತ್ತಿದ್ದಾಗ ತೇಜಶ್ರೀ ಎದುರಿಗೆ ಕೂತು ಎಲ್ಲ ಹೇಳಿದಳು.

“ನನ್ ಮಗಳು ಭವ್ಯನ್ ಮದ್ವೇಲಿ ಅರಿಶಿನ ಕುಟ್ಟೋಕೆ ಮುತ್ತೈದೆ ಅಂತ ಮೊದ್ಲು ನಿನ್ನೇ ಕೂರಿಸಿದ್ನಲ್ಲೇ,” ಎಂದಳು ಆಂಜನಮ್ಮ.

“ಹೌದು ಆಂಟಿ.”

“ಆಗಲಾದ್ರೂ ಬಾಯ್ಬಿಡಬಾರ್ದಿತ್ತಾ?”

“ಅಷ್ಟೊತ್ತಿಗೆ ಒನಕೆ ಕೈಗೆ ಕೊಟ್ಬಿಟ್ಟಿದ್ರಿ.”

ಆಂಜನಮ್ಮ ಎದ್ದುಹೋಗಿ ಬಾಗಿಲು ಹಾಕಿಕೊಂಡಳು. ತೇಜಶ್ರೀ ಮೆಟ್ಟಿಲ ಮೇಲೆ ಕೂತು ಅತ್ತಳು. ಮನೆ ಹೋದರೆ ಹೋಗಲಿ, ಭೀಮೇಶ್ ಉಳಿದರೆ ಸಾಕು ಎನಿಸಿತು. ಅರ್ಧ ಗಂಟೆಯ ಮೇಲೆ ಆಂಜನಮ್ಮ ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡ್ ಹಿಡಿದು ಹೊರಗೆ ಬಂದಳು.

“ಆಟೋ ಕರಿ,” ಎಂದಳು.

ಹಲಸೂರಿನ ನೋಟರಿ ವಾಜಿದ್ ಕಾಗದ ಓದಿ ಕನ್ನಡಕ ಏರಿಸಿದರು. “ಅಮ್ಮಾ, ಇವ್ರಿಗೆ ಮದ್ವೆ ಆಗಿಲ್ಲ ಅಂತ ನಿಮಗೆ ಯಾವಾಗಿಂದ ಗೊತ್ತು?”

ಗೊತ್ತಾಗಿ ಎರಡು ಗಂಟೆಯಾಗಿತ್ತು.

“ಒಂಬತ್ತು ವರ್ಷದಿಂದ,” ಎಂದಳು ಆಂಜನಮ್ಮ. ತೋರಿಸಿದ ಕಡೆ ಸಹಿ ಹಾಕಿದಳು.

ಶುಕ್ರವಾರ ಅರ್ಜಿ ಒಪ್ಪಿಗೆಯಾಯಿತು, ಮೇ ತಿಂಗಳಲ್ಲಿ ಆಪರೇಷನ್ನೂ ಆಯಿತು. ಅಷ್ಟು ದಿನವೂ ಆಂಜನಮ್ಮ ತೇಜಶ್ರೀಯನ್ನು ಮಾತಾಡಿಸಲಿಲ್ಲ. ಭೀಮೇಶ್ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಗಂಜಿ ತಂದು ಅವನ ಮುಂದಿಟ್ಟು, ಅವಳ ಕಡೆ ತಿರುಗಿದಳು.

“ನನ್ ಬಾಯಲ್ಲಿ ಸುಳ್ಳು ಹೇಳಿಸ್ಬಿಟ್ರಲ್ಲೇ. ಮನೆಗೆ ಬಂದ ದಿನಾನೇ ನಿಜ ಹೇಳೋಕೆ ಏನಾಗಿತ್ತು?”

“ಹೇಳಿದ್ದಿದ್ರೆ ಮನೆ ಕೊಡ್ತಿದ್ರಾ ಆಂಟಿ?”

ಆಂಜನಮ್ಮ ಗಂಜಿಗೆ ಉಪ್ಪು ಹಾಕಿ ಕಲಕಿದಳು.

“ಇಲ್ಲ ಕಣೆ,” ಎಂದಳು. “ಕೊಡ್ತಿರ್ಲಿಲ್ಲ.”