ಹಗ್ಗ ಹಿಡಿಸಿದ ಹಳೇ ಹಾಡು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮೂಡಿಗೆರೆ ಸೀಮೆಯ ಒಂದು ಅಗ್ನಿಶಾಮಕ ಠಾಣೆಯಲ್ಲಿ ಠಾಣಾಧಿಕಾರಿಯಾಗಿದ್ದೆ. ಹೆಸರಿಗೆ ಅಗ್ನಿಶಾಮಕ ಅಷ್ಟೆ. ಈ ಕಡೆ ವರ್ಷದ ಅರ್ಧ ಭಾಗ ಬೆಂಕಿಗಿಂತ ಮಣ್ಣು, ಮರ, ಹೊಳೆಗಳದ್ದೇ ನಮಗೆ ಕಾಟ. ಸಂಗೀತಕ್ಕೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮದುವೆಗೆ ಹೋದರೆ ಸ್ಪೀಕರ್ ಎಲ್ಲಿಟ್ಟಿದ್ದಾರೆಂದು ಮೊದಲು ನೋಡಿಕೊಂಡು, ಅದಕ್ಕೆ ಅತಿ ದೂರದ ಸಾಲಿನಲ್ಲಿ ಊಟಕ್ಕೆ ಕೂರುವವನು ನಾನು. ಅಂಥವನು ಒಂದು ಹಾಡಿನ ಬಗ್ಗೆ ಬರೆಯಲು ಕೂತಿರುವುದು ನನ್ನ ಹೆಂಡತಿಗೆ ಇವತ್ತಿಗೂ ತಮಾಷೆಯ ವಿಷಯ.

ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಫೋನ್ ಬಂತು. ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುತ್ತಿದ್ದ ಒಂದು ಪಿಕಪ್ ತಿರುವಿನಲ್ಲಿ ಜಾರಿ ಕಾಫಿ ತೋಟದ ಇಳಿಜಾರಿಗೆ ಬಿದ್ದಿದೆ, ಒಬ್ಬರು ಕೆಳಗೇ ಉಳಿದಿದ್ದಾರೆ ಎಂದರು. ಡಬ್ಬಿ ಮುಚ್ಚಿ ಹೊರಟೆವು. ಅರ್ಧ ದಾರಿಯಲ್ಲಿ ಧರೆ ಕುಸಿದು ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಮೋಟಾರಿನ ಬಲದಿಂದ ಹಗ್ಗ ಸುತ್ತಿ ಭಾರ ಎಳೆಯುವ ವಿಂಚ್ ನಮ್ಮ ವಾಹನದಲ್ಲೇ ಇತ್ತು. ಆ ವಾಹನವೇ ಮುಂದೆ ಹೋಗುವಂತಿರಲಿಲ್ಲ. ಇಬ್ಬರನ್ನು ಮರ ಕಡಿಯಲು ಬಿಟ್ಟು, ಉಳಿದವರು ಹಗ್ಗ, ರಾಟೆ, ಸ್ಟ್ರೆಚರ್ ಹೊತ್ತು ನಡೆದೆವು. ಮಂಜು ಎಷ್ಟಿತ್ತೆಂದರೆ ಮುಂದೆ ನಡೆಯುವವನ ಬೆನ್ನೇ ಕಾಣುತ್ತಿರಲಿಲ್ಲ.

ಪಿಕಪ್‌ನಲ್ಲಿದ್ದದ್ದು ಆಲ್ದೂರಿನ ಒಂದು ಬ್ಯಾಂಡು. ಕಳಸದಲ್ಲಿ ಮದುವೆ ಆರತಕ್ಷತೆಗೆ ಬಾರಿಸಲು ಹೊರಟಿದ್ದರು. ಚಾಲಕನಿಗೂ ಕೀಬೋರ್ಡಿನವನಿಗೂ ತರಚು ಗಾಯ. ಗಾಡಿಯಿಂದ ಹೊರಕ್ಕೆ ಎಸೆದುಹೋಗಿ ಕೆಳಗೆ ಉಳಿದವರು ನಟರಾಜ್. ಊರಲ್ಲಿ ಹಾರ್ಡ್‌ವೇರ್ ಅಂಗಡಿ, ಬ್ಯಾಂಡಿನಲ್ಲಿ ಗಿಟಾರು ಮತ್ತು ಹಾಡು. ರಸ್ತೆಯ ಮೇಲೆ ಪೆಟ್ಟಾದ ಎಡಗೈಗೆ ವೇಲು ಸುತ್ತಿಕೊಂಡು ನಿಂತಿದ್ದವರು ಅವರ ತಂಗಿ ಸುಧಾ. ವಾರವಿಡೀ ಶಾಲೆಯಲ್ಲಿ ಮೇಡಂ, ಶನಿವಾರ ಭಾನುವಾರ ಡ್ರಮ್ಸ್. ಅವರು ಅಳುತ್ತಿರಲಿಲ್ಲ, ಆದರೆ ಹಲ್ಲು ಕಟಕಟ ಅನ್ನುತ್ತಿತ್ತು.

ನಮ್ಮ ಪ್ರಮುಖ ಅಗ್ನಿಶಾಮಕ ಉಮೇಶ ಕೆಳಗಿಳಿದು ವೈರ್‌ಲೆಸ್‌ನಲ್ಲಿ ಹೇಳಿದ: "ಸಾರ್, ಜ್ಞಾನ ಇದೆ. ಬೆನ್ನು ಮುಟ್ಟಕ್ಕೆ ಬಿಡಲ್ಲ. ಕಾಲು ಸ್ವಲ್ಪ ಆಡಿಸ್ತಾರೆ, ಆದ್ರೆ ಜೋಮು ಹಿಡ್ದಂಗೆ ಆಗ್ತಾ ಇದೆಯಂತೆ." ಆಮೇಲೆ ದನಿ ತಗ್ಗಿಸಿ, "ಗಾಡಿ ನಮ್ಮ ಮೇಲ್ಗಡೇನೇ ಇದೆ ಸಾರ್. ಒಂದೇ ಒಂದು ಸಿಲ್ವರ್ ಓಕ್ ತಡ್ದಿದೆ. ಬೇರು ಏಳ್ತಾ ಇದೆ."

ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕು. ಬೆನ್ನುಮೂಳೆ ಮುರಿದವನ ಕಾಲು ಆಡುತ್ತಿದೆಯೆಂದರೆ ಒಳಗಿನ ನರದ ಹುರಿ ಇನ್ನೂ ಉಳಿದಿದೆ. ಒಂದು ಜಗ್ಗು ಸಾಕು, ಆ ಮನುಷ್ಯ ಜೀವಮಾನವಿಡೀ ಎದ್ದು ನಿಲ್ಲುವುದಿಲ್ಲ. ಹಾಗೆಂದು ವಿಂಚ್ ಬರಲಿ ಎಂದು ಕಾದರೆ ಪಿಕಪ್ ಅವರ ಮೇಲೇ ಬರುತ್ತದೆ. ಕೈಯಿಂದಲೇ ಎಳೆಯಬೇಕು, ಈಗಲೇ ಎಳೆಯಬೇಕು, ನಯವಾಗಿ ಎಳೆಯಬೇಕು.

ಎಳೆಯುವ ಜನಕ್ಕೆ ಕೊರತೆ ಇರಲಿಲ್ಲ. ತೋಟದ ಕೆಲಸದವರ ಲೈನ್ ಮನೆಗಳಿಂದ ಹೆಂಗಸರು ಗಂಡಸರೆನ್ನದೆ ಎಲ್ಲ ಓಡಿ ಬಂದಿದ್ದರು. ಅವರ ಮೇಸ್ತ್ರಿ ಶೇಷಪ್ಪ ಪ್ರಾಯದಲ್ಲಿ ನಾಟಾ ದಿಮ್ಮಿ ಎಳೆಸಿದವರು. ರಸ್ತೆಯ ಪಕ್ಕದ ಹಲಸಿನ ಮರಕ್ಕೆ ರಾಟೆ ಕಟ್ಟಿ, ಸ್ಟ್ರೆಚರಿನ ಹಗ್ಗವನ್ನು ಅದರಲ್ಲಿ ಹಾಯಿಸಿ, ಜನರನ್ನು ರಸ್ತೆಯುದ್ದಕ್ಕೂ ನಿಲ್ಲಿಸಿದೆ. ಸಾಲಿನ ಅರ್ಧ ತಿರುವಿನಾಚೆ ಮಂಜಿನಲ್ಲಿ ಮುಳುಗಿಹೋಯಿತು. ಕೆಳಗೆ ಉಮೇಶ ಮತ್ತು ಮೂವರು ನಟರಾಜರನ್ನು ಸ್ಟ್ರೆಚರಿಗೆ ಬಿಗಿದು ಅದರ ನಾಲ್ಕು ಮೂಲೆ ಹಿಡಿದರು. ಶೇಷಪ್ಪ ಅಭ್ಯಾಸಬಲದಿಂದ ದನಿ ಎತ್ತಿದರು: "ಹಾಕ್ರೋ ಕೈ, ಹೈಸಾ!"

ತೋಟದವರಿಗೆ ಈ ಕೂಗು ರಕ್ತದಲ್ಲೇ ಇದೆ. ದಿಮ್ಮಿ ಕದಲಬೇಕಾದರೆ ಎಲ್ಲರೂ ಉಸಿರು ಕಟ್ಟಿ ಒಂದೇ ಸಲ ಜಗ್ಗಬೇಕು, ಆ ಕೂಗು ಇರುವುದೇ ಅದಕ್ಕೆ. ಅವರು ಹಾಗೇ ಜಗ್ಗಿದರು. ಸ್ಟ್ರೆಚರ್ ಮೇಲಕ್ಕೆ ಚಿಮ್ಮಿತು. ಕೆಳಗಿನಿಂದ ನಟರಾಜರ ಕೂಗು ವೈರ್‌ಲೆಸ್ ಇಲ್ಲದೆಯೇ ನನಗೆ ಕೇಳಿಸಿತು. "ನಿಲ್ಸಿ, ನಿಲ್ಸಿ!" ಎಂದು ನಾನು ಅರಚಿಕೊಂಡೆ.

ಸೀಟಿ ಊದಿ ನೋಡಿದೆ. ತಿರುವಿನಾಚೆಯವರು ಅದನ್ನು ನಿಲ್ಲಿ ಎಂದುಕೊಂಡರು, ಈಚೆಯವರು ಎಳೆಯಿರಿ ಎಂದುಕೊಂಡರು. ಒಂದು ಎರಡು ಎಂದು ಎಣಿಸಿದರೆ ಮುಂದಿನವರು ಎಳೆದು ಮುಗಿಸುವ ಹೊತ್ತಿಗೆ ಹಿಂದಿನವರು ಶುರು ಮಾಡುತ್ತಿದ್ದರು. ಅಷ್ಟರಲ್ಲಿ ಸುಧಾ ನನ್ನ ಹತ್ತಿರ ಬಂದರು.

"ಸಾರ್, ನಮ್ಮ ದೊಡ್ಡ ಡ್ರಮ್ ಮೋರೀಲಿ ಬಿದ್ದಿದೆ. ಒಂದ್ ಕೈ ಸಾಕು ನಂಗೆ. ಹಾಡಿಗೆ ಎಳೆಸ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಹಾಡೋ ಹೊತ್ತಾ ಮೇಡಂ ಇದು? ನಿಮ್ಮಣ್ಣ ಅಲ್ವಾ ಕೆಳಗಿರೋದು?"

"ಅಣ್ಣ ಅಂತಾನೇ ಹೇಳ್ತಿರೋದು," ಎಂದರು. "ಬರೀ ಡ್ರಮ್ ಬಡಿದ್ರೆ ಯಾವ ಪೆಟ್ಟಿಗೆ ಎಳೀಬೇಕು ಅಂತ ಗೊತ್ತಾಗಲ್ಲ. ಹಾಡು ಬಾಯಲ್ಲಿದ್ರೆ ಯಾರೂ ಹೇಳಿಕೊಡ್ಬೇಕಾಗಿಲ್ಲ."

ನಾನು ಉತ್ತರಿಸುವ ಮೊದಲೇ ಸಾಲಿನ ಮುಂದಿದ್ದ ಕೆಲವು ಹುಡುಗರು ಉತ್ಸಾಹದಿಂದ ಆ ವರ್ಷ ಎಲ್ಲರ ಮೊಬೈಲಿನಲ್ಲೂ ಕುಣಿಯುತ್ತಿದ್ದ ಹೊಸ ಹಾಡೊಂದನ್ನು ಎತ್ತಿಕೊಂಡೇಬಿಟ್ಟರು. ಅದು ಓಡುವ ಹಾಡು. ಪದದ ಮೇಲೆ ಪದ, ಉಸಿರಾಡಲು ಜಾಗವಿಲ್ಲ. ಹೆಂಗಸರಿಗೆ ಅದು ಬರುತ್ತಿರಲಿಲ್ಲ, ಶೇಷಪ್ಪನವರಿಗಂತೂ ಕೇಳಿಯೇ ಗೊತ್ತಿರಲಿಲ್ಲ. ಹಗ್ಗ ಸಡಿಲವಾಗಿ ಸ್ಟ್ರೆಚರ್ ಹಿಂದಕ್ಕೆ ಜಾರಿತು. ಜಾರಿದರೆ ತಡೆಯಲೆಂದು ಕಟ್ಟಿದ್ದ ಕಾವಲು ಹಗ್ಗ ಹಿಡಿದಿದ್ದ ನಮ್ಮವನು ಸೊಂಟ ಕೊಟ್ಟು ತಡೆದ. ನಾನು ಸುಧಾ ಕಡೆ ತಿರುಗಿ, "ಏನ್ ಮಾಡ್ತೀರೋ ಮಾಡಿ" ಎಂದೆ. ಅದು ಅನುಮತಿಯಾಗಿರಲಿಲ್ಲ, ನನಗೆ ಬೇರೆ ದಾರಿ ಇರಲಿಲ್ಲ.

ಅವರು ಡ್ರಮ್ಮನ್ನು ರಸ್ತೆ ಮಧ್ಯೆ ಮಲಗಿಸಿ, ಕಾಫಿ ಗಿಡದ ಕೋಲಿನಿಂದ ಬಡಿಯುತ್ತ ಆರಂಭಿಸಿದರು: "ಬಸ್ಸು ಹೋದ್ರೆ ಹೋಯ್ತು, ನಡಿ ಮಾರಾಯ ನಡಿ."

ಇದು ಕ್ಯಾಸೆಟ್ ಕಾಲದಲ್ಲಿ ಅಣ್ಣ ತಂಗಿಯೇ ಕಟ್ಟಿದ ಹಾಡು. ಕೊನೇ ಬಸ್ಸು ತಪ್ಪಿದವನೊಬ್ಬ ಮಳೆಯಲ್ಲಿ ಮನೆಗೆ ನಡೆಯುವ ಕಥೆ. ಗಿಟಾರಿಗೆ ಮೂರೇ ಬೆರಳ ಹಿಡಿತ, ಡ್ರಮ್ಮಿಗೆ ಒಂದೇ ನಡೆ. ನಮ್ಮ ಕಡೆ ಈ ಹಾಡಿಲ್ಲದೆ ಆರತಕ್ಷತೆ ಮುಗಿದದ್ದನ್ನು ನಾನು ಕಂಡಿಲ್ಲ. ಚರಣ ಯಾರಿಗೂ ನೆನಪಿಲ್ಲ, ಪಲ್ಲವಿ ಎಲ್ಲರಿಗೂ ಬಾಯಿಪಾಠ. ಸಾಲು ಮುಗಿದ ಮೇಲೆ ಒಂದು ಖಾಲಿ ಜಾಗ ಬರುತ್ತದೆ, ಅಲ್ಲಿ ಜನ ಚಪ್ಪಾಳೆ ಹೊಡೆಯುತ್ತಾರೆ. "ಚಪ್ಪಾಳೆ ಬರೋ ಕಡೆ ಎಳೀರಿ," ಎಂದು ಸುಧಾ ಒಮ್ಮೆ ಕೂಗಿದರು, ಅಷ್ಟೆ.

ಶೇಷಪ್ಪ ಹಾಡಿದರು. ಹೆಂಗಸರು ಹಾಡಿದರು. ಮಂಜಿನೊಳಗಿಂದ, ಕಾಣದವರ ದನಿ ಕೂಡಾ ಸರಿಯಾಗಿ ಅದೇ ಜಾಗಕ್ಕೆ ಬಂತು. ಹಗ್ಗ ಗೇಣಿನಷ್ಟು ಬಂದು ನಿಂತಿತು, ಮತ್ತೆ ಗೇಣಿನಷ್ಟು ಬಂದಿತು. ಏರು ಹತ್ತುವ ಮನುಷ್ಯನ ಹೆಜ್ಜೆಯ ವೇಗವದು. "ಹಿಂಗೇ ಸಾರ್, ಹಿಂಗೇ ಬರ್ಲಿ," ಎಂದ ಉಮೇಶ. ಸ್ಟ್ರೆಚರ್ ಪಿಕಪ್ಪಿನ ಪಕ್ಕದಿಂದ ದಾಟಿ ಮೇಲೆ ಬಂತು. ನಾನೂ ಹಾಡುತ್ತಿದ್ದೆ ಎಂದು ಆಮೇಲೆ ನಮ್ಮ ಹುಡುಗರು ಹೇಳಿದರು. ನನಗೆ ಆ ನೆನಪಿಲ್ಲ.

ರಸ್ತೆಯ ಅಂಚಿನ ಕೆಳಗೆ ಕಲ್ಲಿನ ಚಾಚು ಒಂದಿತ್ತು. ಸ್ಟ್ರೆಚರಿನ ತಲೆಭಾಗ ಅದರಡಿ ಬಂದಾಗ ಹಗ್ಗ ಸ್ವಲ್ಪವೂ ಕದಲದೆ ನಿಂತಿರಬೇಕು. ನಾಲ್ವರೂ ಎತ್ತಿ ಕಲ್ಲು ದಾಟಿಸಿದ ಮೇಲಷ್ಟೇ ಮತ್ತೆ ಎಳೆಯಬೇಕು. ಆಗ ಯಾರಾದರೂ ಎಳೆದರೆ ಸ್ಟ್ರೆಚರ್ ಮಗುಚುತ್ತದೆ. ಅದು ಹತ್ತಿರ ಬರುವಾಗಲೇ ನನಗೆ ಭಯಂಕರವಾದದ್ದೊಂದು ಹೊಳೆಯಿತು. ಈ ಹಾಡು ಕೊನೆಯಲ್ಲಿ ಜೋರಾಗುತ್ತದೆ. ಎಲ್ಲ ಮದುವೆಗಳಲ್ಲೂ ಜನ ಹುಚ್ಚೆದ್ದು ಕುಣಿಯುವುದು ಅಲ್ಲಿಯೇ. ಸಾಲಿನ ದನಿ ಆಗಲೇ ಬಿಸಿಯಾಗುತ್ತಿತ್ತು. ನಾನು ಸುಧಾ ಕಡೆ ಓಡಿ, "ನಿಲ್ಬೇಕು, ಈಗ್ಲೇ ನಿಲ್ಬೇಕು" ಎಂದೆ.

ಅವರು ನನ್ನತ್ತ ನೋಡಲಿಲ್ಲ. ಒಂದು ಪೆಟ್ಟು ಹಾಕಿ, ಕೋಲನ್ನು ತಲೆಯ ಮೇಲೆತ್ತಿ ನಿಲ್ಲಿಸಿಬಿಟ್ಟರು.

ಆ ಜೋರಿನ ಮೊದಲು ಹಾಡು ಒಮ್ಮೆ ಪೂರ್ತಿ ನಿಲ್ಲುತ್ತದೆ. ಮದುವೆಗಳಲ್ಲಿ ಡ್ರಮ್ಮಿನವರು ಬೇಕೆಂದೇ ಆ ಮೌನವನ್ನು ಎಳೆದು ಜನರನ್ನು ಆಟವಾಡಿಸುತ್ತಾರೆ. ಡ್ರಮ್ ಮತ್ತೆ ಬೀಳುವವರೆಗೆ ಯಾರೂ ಬಾಯಿ ಬಿಡಕೂಡದು, ಕದಲಕೂಡದು. ಕದಲಿದವನು ಎಲ್ಲರ ನಗೆಗೆ ಈಡಾಗುತ್ತಾನೆ. ಈ ಆಟ ಆಡಿಯೇ ಬೆಳೆದ ಜನ ಹಗ್ಗ ಹಿಡಿದು ನಿಂತಲ್ಲೇ ನಿಂತರು. ನನ್ನ ಸೀಟಿಯಿಂದ ಆಗದ್ದು ಅದು. ಉಮೇಶನ ಕಡೆಯವರು ತಲೆಭಾಗ ಎತ್ತತೊಡಗಿದರು. ಆ ಮೌನದಲ್ಲೇ ಕೆಳಗೆ ಸಿಲ್ವರ್ ಓಕ್ ಲಟಲಟ ಎಂದಿತು. ಎಲ್ಲರಿಗೂ ಕೇಳಿಸಿತು. ಒಂದು ಕೈ ಸಡಿಲವಾಗಲಿಲ್ಲ, ಒಂದು ಕೈ ಬಿಗಿಯಾಗಲಿಲ್ಲ. ಸುಧಾರ ಕೋಲು ಗಾಳಿಯಲ್ಲೇ ನಿಂತಿತ್ತು.

"ಕಲ್ಲು ದಾಟ್ತು!" ಎಂದ ಉಮೇಶ. ಕೋಲು ಬಿತ್ತು. ಹಾಡು ಒಮ್ಮೆ ಭೋರ್ಗರೆಯಿತು, ಸ್ಟ್ರೆಚರ್ ರಸ್ತೆಗೆ ಬಂತು. ಸ್ವಲ್ಪ ಹೊತ್ತಿನಲ್ಲಿ ಪಿಕಪ್ ಮರವನ್ನೂ ಕಿತ್ತುಕೊಂಡು, ಒಳಗಿದ್ದ ವಾದ್ಯಗಳ ಸಮೇತ ಹಳ್ಳಕ್ಕೆ ಉರುಳಿತು. ಡ್ರಮ್ಸಿನ ಕಂಚಿನ ತಟ್ಟೆಗಳ ಸದ್ದು ತುಂಬಾ ಕೆಳಗಿನವರೆಗೂ ಕೇಳುತ್ತಿತ್ತು.

ಶಸ್ತ್ರಚಿಕಿತ್ಸೆಯಾಗಿ ಬೇಸಿಗೆಯ ಹೊತ್ತಿಗೆ ನಟರಾಜ್ ಕೋಲೂರಿಕೊಂಡು ಠಾಣೆಗೆ ಬಂದರು. ಕಾಫಿ ತರಿಸಿದೆ. ಇಷ್ಟು ವರ್ಷ ಒಂದೇ ಹಾಡು ಹಾಡಲು ಬೇಜಾರಾಗುವುದಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಆಗ್ದೆ ಇರುತ್ತಾ ಸಾರ್? ಎಷ್ಟೋ ಸಲ ಕೈ ಬಾರಿಸ್ತಿರುತ್ತೆ, ತಲೇಲಿ ಅಂಗಡಿ ಲೆಕ್ಕ ಓಡ್ತಿರುತ್ತೆ," ಎಂದು ನಕ್ಕರು. ಆಮೇಲೆ ಲೋಟ ಕೆಳಗಿಟ್ಟರು. "ಆ ನಿಲ್ಸೋ ಜಾಗ ಇದ್ಯಲ್ಲ, ಮತ್ತೆ ಶುರು ಮಾಡು ಅಂತ ಸುಧಂಗೆ ತಲೆ ಅಲ್ಲಾಡಿಸೋನು ನಾನು. ಯಾವಾಗ ಬೀಳುತ್ತೆ ಅಂತ ನಂಗೆ ಯಾವಾಗ್ಲೂ ಗೊತ್ತು. ಅವತ್ತು ಮಾತ್ರ ಗೊತ್ತಿರ್ಲಿಲ್ಲ. ಜನದ್ ತರ ನಾನೂ ಕಾಯ್ತಾ ಮಲ್ಗಿದ್ದೆ. ನಾವ್ ಇಷ್ಟ್ ವರ್ಷ ಜನಕ್ಕೆ ಏನ್ ಕೊಡ್ತಿದ್ವಿ ಅಂತ ಅವತ್ತು ಗೊತ್ತಾಯ್ತು ಸಾರ್."

ಆಜ್ಞೆ ಗಟ್ಟಿಯಾಗಿದ್ದರೆ ಜನ ಒಂದಾಗುತ್ತಾರೆಂದು ನಾನು ಇಡೀ ಸರ್ವಿಸ್ ನಂಬಿಕೊಂಡು ಬಂದಿದ್ದೆ. ಅಪಾಯದ ಹೊತ್ತಿನಲ್ಲಿ ಜನರಿಗೆ ಹೊಸದೇನನ್ನೂ ಕಲಿಸಲು ಆಗುವುದಿಲ್ಲ, ಅವರೆಲ್ಲರ ಹತ್ತಿರ ಮೊದಲೇ ಏನಿದೆಯೆಂದು ನೋಡಬೇಕು ಎಂಬುದನ್ನು ನೌಕರಿ ನನಗೆ ಕೊನೆಗಾಲದಲ್ಲಿ ಕಲಿಸಿತು. ಆ ಹಾಡು ಉಳಿದಿರುವುದೂ ಅದಕ್ಕೇ ಇರಬೇಕು: ಅದರಲ್ಲಿ ಹಾಡುವವರಿಗಿಂತ ಕೇಳುವವರಿಗೆ ಮಾಡಲು ಹೆಚ್ಚು ಕೆಲಸವಿದೆ. ಹೋಗುವಾಗ ನಟರಾಜ್ ನಮ್ಮ ಮೆಟ್ಟಿಲ ಹತ್ತಿರ ನಿಂತು, ನಾನು ಚಾಚಿದ ಕೈ ಬೇಡವೆಂದು, ಒಂದೊಂದೇ ಹೆಜ್ಜೆ ಇಟ್ಟು ಒಬ್ಬರೇ ಇಳಿದರು. ಅವರು ಕೊನೆಯ ಮೆಟ್ಟಿಲು ಮುಟ್ಟುವವರೆಗೆ ನಾನು ಉಸಿರು ಹಿಡಿದೇ ನಿಂತಿದ್ದೆ.