ಕೈ ಹಿಡಿದು ಕೇಳಿದ ಮಾತು

ಗೊಬ್ಬೂರಿನ ಸುತ್ತ ಹತ್ತು ಹಳ್ಳಿಗೆ ಬಳೆ ಇಡಿಸುತ್ತಿದ್ದ ಕರೀಮುನ್ನಿಸಾಳ ಬಾಯಿ ದೊಡ್ಡದು, ಕಿವಿ ಅದಕ್ಕಿಂತ ದೊಡ್ಡದು. ಗಂಡ ಸತ್ತ ಮೇಲೆ ಅವನ ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡವಳು. ಅತ್ತೆಯ ಕಾಟವಿರಲಿ, ಗಂಡನ ಕುಡಿತವಿರಲಿ, ಅವಳ ಕೈಗೆ ಕೈ ಕೊಟ್ಟ ಹೆಣ್ಣು ಹೇಳದೆ ಬಿಟ್ಟದ್ದಿಲ್ಲ.

ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿ ಬಂತು, ಅವಳ ಊರಿಗೆ ಒಂದೇ ಒಂದು ಬೋರಿಂಗ್ ಮಂಜೂರಾಯಿತು. ಎಲ್ಲಿ ಕೊರೆಯಬೇಕೆಂದು ಊರವರೇ ಕೂತು ಮಾತಾಡಿ, ಹೆಂಗಸರನ್ನೂ ಕೇಳಿ ಎಂದರು ಪಂಚಾಯಿತಿ ಕಚೇರಿಗೆ ಬಂದ ಹೊಸ ಸಾಹೇಬರು. ಗಂಡಸರು ಕೂತ ಕಟ್ಟೆಗೆ ಹೆಂಗಸರು ಬಂದಾರೆಯೇ? ಬಂದರೂ ಬಾಯಿ ಬಿಟ್ಟಾರೆಯೇ? ಮಂಡಲದ ಪ್ರಧಾನ ದೌಲತರಾಯರು ಉಪಾಯ ಹೇಳಿದರು: "ನಮ್ಮ ಕರೀಮುನ್ನಿಸಾ ಮನಿಮನಿಗಿ ಕೇಳಿ ಬರ್ಲಿರಿ."

ಅವಳ ಹಿಗ್ಗು ಏನು ಕೇಳುತ್ತೀರಿ! ಪಂಚಮಿ ಹತ್ತಿರವಿತ್ತು, ಬಳೆಗೆ ಎಲ್ಲಿಲ್ಲದ ಬೇಡಿಕೆ; ಬಳೆ ಇಡಿಸುತ್ತಲೇ ಕೇಳಿದಳು. ಕೆಲವರು ಹಣಮಪ್ಪನ ಗುಡಿ ಮುಂದೆ ಅಂದರು, ಕೆಲವರು ಸಾಲಿ ಹತ್ತಿರದ ಬೇವಿನ ಮರ ಅಂದರು. ಈ ಮನೆಯ ಮಾತು ಆ ಮನೆಗೊಯ್ದು, ಆ ಮನೆಯ ತಕರಾರು ಈ ಮನೆಗೆ ತಂದು, ರಮಿಸಿ, ಗದರಿಸಿ, ಹದಿನೈದು ದಿನದಲ್ಲಿ ಎಲ್ಲರನ್ನೂ ಬೇವಿನ ಮರಕ್ಕೆ ಒಪ್ಪಿಸಿದಳು. ಕಟ್ಟೆಯೆದುರು ನಿಂತು ಹೇಳಿದಳು: "ಊರಾಗಿನ ಹೆಣ್ಣಮಕ್ಕಳದು ಒಂದೇ ಮಾತದರಿ ಸಾಹೇಬ್ರ. ಒಬ್ಬಾಕಿನೂ ಬಿಟ್ಟಿಲ್ಲ." ಸಾಹೇಬರು ಹಾಗೆಯೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಮಶೀನು ಬಂದ ದಿನ ಗುಡಿಯ ಹಿಂದಿನ ಓಣಿಯಿಂದ ಶಿವಕಾಂತಾ ಕೋಲೂರಿಕೊಂಡು ಬಂದಳು. ಗಂಡ ಸತ್ತು ಇಪ್ಪತ್ತು ವರ್ಷ, ಮಕ್ಕಳಿಲ್ಲ, ಮೊಣಕಾಲು ಹೋಗಿತ್ತು. "ಎಲ್ಲಾರ್ನೂ ಕೇಳಿದಿ ಅಂತಲ್ಲ ಬೇ. ನನಗ ಯಾವಾಗ ಕೇಳಿದಿ? ಗುಡಿ ಮುಂದಾದ್ರ ನಾಕು ಹೆಜ್ಜಿ ಇತ್ತು. ಇಲ್ಲಿಂದ ಕೊಡ ಹೆಂಗ ಹೊರ್ಲಿ?"

ಕರೀಮುನ್ನಿಸಾ ಬೆರಳು ಮಡಿಚಿ ಎಣಿಸಿದಳು. ಊರಲ್ಲಿ ಹನ್ನೊಂದು ಮಂದಿ ವಿಧವೆಯರು. ಬಳೆ ತೊಡದವರ ಹೊಸ್ತಿಲಿಗೆ ಬಳೆಗಾರ್ತಿ ಯಾಕೆ ಹೋದಾಳು? ತಾನೂ ಗಂಡನಿಲ್ಲದವಳೇ, ತನಗೇ ಹೊಳೆಯಲಿಲ್ಲವಲ್ಲ, ಯಾ ಅಲ್ಲಾ!

ಓಡಿಹೋಗಿ ಸಾಹೇಬರಿಗೆ ಕೈ ಮುಗಿದಳು. "ತಪ್ಪಾಗ್ಯದರಿ, ಇನ್ನೊಮ್ಮಿ ಕೂಡಸ್ರಿ." ಸಾಹೇಬರು ಕೆಟ್ಟವರೇನಲ್ಲ. ಕಾಗದದ ನಕಲು ತೆಗೆದು ತೋರಿಸಿದರು: "ಠರಾವು ಮೇಲಿನ ಕಚೇರಿಗೆ ಹೋಯ್ತಮ್ಮ. ಒಬ್ಬರನ್ನೂ ಬಿಟ್ಟಿಲ್ಲ ಅಂತ ನೀವೇ ಹೆಬ್ಬೆಟ್ಟು ಒತ್ತಿದ್ದೀರಿ." ಒಪ್ಪಿಸಿದ್ದ ಹೆಂಗಸರ ಬಳಿ ಹೋದಳು. "ಮುಗದ ಮಾತು ಯಾಕ ಕೆದರ್ತಿ?" ಎಂದು ಅವರು ಒಳಗೆ ಹೋದರು.

ಸಿಹಿನೀರೇ ಬಿತ್ತು. ಊರು ಅವಳನ್ನು ಬಾಯ್ತುಂಬ ಹೊಗಳಿತು, ಅವಳಿಗೆ ಒಂದೊಂದು ಹೊಗಳಿಕೆಯೂ ಚುಚ್ಚಿತು. ಮೊದಲ ಕೊಡ ತುಂಬಿಸಿ ತಾನೇ ಹೊತ್ತು ಶಿವಕಾಂತಾಳ ಮನೆಗೆ ಒಯ್ದಳು. ಮುದುಕಿ ಬೈಯಲಿಲ್ಲ. ಕೊಡ ಇಳಿಸಲು ಕೈಹಚ್ಚಿ, ಮೆಲ್ಲಗೆ ಕೇಳಿದಳು:

"ಇವತ್ತ ತಂದಿ ತಂಗಿ. ನಾಳಿಗಿ?"