ಶೋಭನಕ್ಕನಿಗೆ ಕಂಡ ದರ್ಶನ

ಬೆಟಗೇರಿಯ ಪದ್ಮಿನಿ ಎಂಜಿನಿಯರಿಂಗ್ ಮುಗಿಸಿ ಸ್ವೀಡನ್ನಿನ ಲಿಂಕೋಪಿಂಗ್‌ಗೆ ಎಂ.ಎಸ್. ಓದಲು ಬಂದಾಗ, ಹೆಸರು ಕೇಳಿದ ಕನ್ನಡದವರೆಲ್ಲ ಅವಳನ್ನು ಗಣೇಶನ ಹಬ್ಬಕ್ಕೆ ಕರೆದರು. ಅವಳೂ ಹೋಗಿ ಕಡುಬು ತಿಂದು ಬಂದಳು. ಅವಳದು ಮೂರು ತಲೆಮಾರಿನ ಕ್ರೈಸ್ತ ಮನೆತನ, ತಾಯಿ ನರ್ಸು, ಅಜ್ಜ ಚರ್ಚಿನ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಎಂಬುದು ಎಲ್ಲರಿಗೂ ಗೊತ್ತಾಗುವಷ್ಟರಲ್ಲಿ ಒಂದು ಚಳಿಗಾಲ ಕಳೆದಿತ್ತು. ಅವಳೇನೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ಮೊದಲೇ ಕೇಳಿ ತಿಳಿದುಕೊಂಡವಳು ಇಂದುಮತಿ ಒಬ್ಬಳೇ. ವಿದ್ಯಾರ್ಥಿಗಳ ವಸತಿಯಲ್ಲಿ ಎಂಟು ಕೋಣೆಗೆ ಒಂದು ಅಡುಗೆಮನೆ. ಇಂದುಮತಿಯದು ಪಕ್ಕದ ಕೋಣೆ. ದಾವಣಗೆರೆಯವಳು. ಇಬ್ಬರೂ ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಳ್ಳುತ್ತಿದ್ದರು, ಒಟ್ಟಿಗೆ ಸೈಕಲ್ ತುಳಿದು ಕ್ಲಾಸಿಗೆ ಹೋಗುತ್ತಿದ್ದರು.

ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಆ ಮೊದಲ ಚಳಿಗಾಲದಲ್ಲಿ ಇಂದುಮತಿ ಹಾಸಿಗೆ ಬಿಟ್ಟು ಏಳದಾದಳು. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ನಾಲ್ಕು ವಿಷಯಗಳಲ್ಲಿ ಫೇಲಾದಳು. ಮನೆಗೆ ಮಾತ್ರ ಎಲ್ಲ ಪಾಸೆಂದು ಹೇಳಿದಳು. ಅವಳ ತಂದೆ ಹೈಸ್ಕೂಲ್ ಹೆಡ್‌ಮಾಸ್ತರರು. ಮಗಳ ಸ್ವೀಡನ್ ಓದಿನ ಸುದ್ದಿಯನ್ನು ಬೀದಿಗೆಲ್ಲ ಹೇಳಿಕೊಂಡಿದ್ದವರು. ಕೊನೆಗೆ ಪದ್ಮಿನಿಯೇ ಅವಳನ್ನು ಯೂನಿವರ್ಸಿಟಿಯ ಆಪ್ತಸಲಹೆಗಾರರ ಬಳಿ ಕರೆದುಕೊಂಡು ಹೋದಳು. ಪ್ರತಿ ಮಂಗಳವಾರ ಇಂದುಮತಿ ಒಳಗೆ ಮಾತಾಡಿ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಈ ವಿಷಯ ಇಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

2007ರ ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಸಭೆಯಿಂದ ಎಂಟು ಜನರ ತಂಡ ಹದಿನೈದು ದಿನಗಳ ಸುವಾರ್ತೆ ಸಾರುವ ಪ್ರವಾಸಕ್ಕೆ ಲಿಂಕೋಪಿಂಗ್‌ಗೆ ಬಂತು. ಇಲ್ಲಿ ಭಾರತದ ವಿದ್ಯಾರ್ಥಿಗಳು ಹೆಚ್ಚುತ್ತಿದ್ದಾರೆ, ಅವರಿಗೆ ಅವರದೇ ಭಾಷೆಯಲ್ಲಿ ಹೇಳುವವರು ಬೇಕು ಎಂದು ಪದ್ಮಿನಿ ಹೋಗುತ್ತಿದ್ದ ಚರ್ಚಿನವರೇ ಕರೆಸಿದ್ದರು. ತಂಡದ ಮುಖ್ಯಸ್ಥೆ ಶೋಭನಾ, ನಲವತ್ತರ ಹತ್ತಿರದವರು. ಭಾನುವಾರ ಆಕೆ ಎದ್ದು ನಿಂತು ಕನ್ನಡದಲ್ಲಿ ಪ್ರಾರ್ಥನೆ ಮಾಡಿದಾಗ ಪದ್ಮಿನಿಗೆ ತಡೆಯಲಾಗಲಿಲ್ಲ. ಹದಿನಾಲ್ಕು ತಿಂಗಳಾಗಿತ್ತು ಅವಳು ಇನ್ನೊಬ್ಬರ ಬಾಯಿಂದ ಕನ್ನಡದ ಪ್ರಾರ್ಥನೆ ಕೇಳಿ. ಮುಖ ಮುಚ್ಚಿಕೊಂಡು ಅತ್ತಳು. ಶೋಭನಾ ಬಂದು ಅವಳನ್ನು ಎದೆಗೊತ್ತಿಕೊಂಡರು. ಆ ಹೊತ್ತಿನಿಂದ ಪದ್ಮಿನಿಗೆ ಅವರು ಶೋಭನಕ್ಕ.

ಮರುದಿನ ಚಹಾ ಕುಡಿಯುತ್ತ ಶೋಭನಕ್ಕ ಕೇಳಿದರು. "ನಿನ್ ಫ್ರೆಂಡ್ಸ್‌ನಲ್ಲಿ ಯಾರಿಗೆ ತುಂಬ ಪ್ರೇಯರ್ ಬೇಕು ಹೇಳು. ನಾನು ದಿನಾ ಬೆಳಿಗ್ಗೆ ಹೆಸರು ಹಿಡಿದು ಪ್ರೇ ಮಾಡ್ತೀನಿ."

ಪದ್ಮಿನಿ ಇಂದುಮತಿಯ ಹೆಸರು ಹೇಳಿದಳು. ಯಾಕೆ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದಳು. ಪದ್ಮಿನಿಯ ಮನೆಯಲ್ಲಿ ಪ್ರಾರ್ಥನೆಗೆಂದು ಹೇಳಿದ ಗುಟ್ಟೆಂದರೆ ದೇವರಿಗೇ ಹೇಳಿದ ಹಾಗೆ, ಅದು ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಅಕ್ಕಾ."

"ಛೆ, ಇದು ಕರ್ತನಿಗೂ ನಮಗೂ ಮಾತ್ರ," ಎಂದರು ಶೋಭನಕ್ಕ.

ಶನಿವಾರ ಚರ್ಚಿನ ಹಾಲಿನಲ್ಲಿ ಫಿಕಾ, ಅಂದರೆ ಸ್ವೀಡನ್ನಿನವರ ಕಾಫಿ ಕೂಟ, ಇಟ್ಟಿದ್ದರು. ಕಾಫಿ, ದಾಲ್ಚಿನ್ನಿ ಬನ್ನು, ಜೊತೆಗೆ ತಂಡದವರು ಮಾಡಿದ ಉಪ್ಪಿಟ್ಟು. ಪದ್ಮಿನಿ ಕರೆದಳೆಂದು ಇಂದುಮತಿಯೂ ಬಂದಿದ್ದಳು. ಹಾಡಾಯಿತು, ಇಬ್ಬರು ಮೂವರು ಎದ್ದು ದೇವರು ತಮ್ಮ ಬದುಕಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳಿದರು. ಆಮೇಲೆ ಶೋಭನಕ್ಕ ನೇರವಾಗಿ ಇಂದುಮತಿಯ ಪಕ್ಕಕ್ಕೆ ಬಂದು ಕುಳಿತು ಅವಳ ಕೈ ಹಿಡಿದರು.

"ಒಂದು ಮಾತು ಹೇಳ್ಲಾ? ಇವತ್ತು ಬೆಳಿಗ್ಗೆ ಪ್ರೇಯರ್‌ನಲ್ಲಿ ಕರ್ತನು ನನಗೊಂದು ಹುಡುಗೀನ ತೋರಿಸಿದ. ಪರೀಕ್ಷೆ ವಿಷಯ ಅಪ್ಪನ ಹತ್ರ ಮುಚ್ಚಿಟ್ಟು ಒಳಗೊಳಗೇ ಸಾಯ್ತಿದ್ದಾಳೆ. ನಿನ್ನ ನೋಡಿದ ತಕ್ಷಣ ಅದು ನೀನೇ ಅನ್ನಿಸ್ತು."

ಇಂದುಮತಿಯ ಮುಖ ಬಿಳುಚಿತು. "ನಿಮಗೆ ಹೇಗೆ ಗೊತ್ತು?"

"ನನಗೆ ಗೊತ್ತಿಲ್ಲಮ್ಮ. ಅವನಿಗೆ ಗೊತ್ತು."

ಪದ್ಮಿನಿ ಕಾಫಿ ಫ್ಲಾಸ್ಕ್ ಹಿಡಿದು ಎರಡೇ ಹೆಜ್ಜೆ ಆಚೆ ನಿಂತಿದ್ದಳು. ಶೋಭನಕ್ಕ ಒಮ್ಮೆಯಾದರೂ ತನ್ನತ್ತ ನೋಡಬಹುದೆಂದು ಕಾದಳು. ನೋಡಲಿಲ್ಲ. ನೋಡಿದವಳು ಇಂದುಮತಿ, ಕಣ್ತುಂಬ ನೀರು ತುಂಬಿಕೊಂಡು. ಅನುಮಾನದಿಂದಲ್ಲ, ಬೆರಗಿನಿಂದ. "ಕೇಳಿದ್ಯೇನೇ?" ಎಂದಳು. ಪದ್ಮಿನಿ ಹೂಂ ಎಂದು ತಲೆಯಾಡಿಸಿಬಿಟ್ಟಳು.

ಮರುದಿನ ಇಂದುಮತಿ ಮನೆಗೆ ಫೋನ್ ಮಾಡಿ ಇದ್ದದ್ದೆಲ್ಲ ಹೇಳಿದಳು. ತಂದೆ ಬೈಯಲಿಲ್ಲ. "ಊಟ ಸರಿಯಾಗಿ ಮಾಡ್ತಿದ್ದೀಯಾ?" ಎಂದಷ್ಟೇ ಕೇಳಿ ಫೋನನ್ನು ತಾಯಿಯ ಕೈಗೆ ಕೊಟ್ಟರು. ಆಮೇಲೆ ಮೂರು ದಿನ ಅವರಿಂದ ಕರೆ ಬರಲಿಲ್ಲ. ಆದರೂ ಇಂದುಮತಿಯ ಮುಖ ಹಗುರಾಗಿತ್ತು. ಪದ್ಮಿನಿಯ ಕೋಣೆಗೆ ಬಂದು ಬೈಬಲ್ ಕೇಳಿ ತೆಗೆದುಕೊಂಡು ಹೋದಳು. ಗೆಳತಿ ಒಂದು ದಿನ ಹೀಗೆ ಕೇಳಲೆಂದು ಪದ್ಮಿನಿ ವರ್ಷವಿಡೀ ಪ್ರಾರ್ಥಿಸಿದ್ದಳು. ಈಗ ಅದು ಕಣ್ಣೆದುರೇ ಆಗುತ್ತಿತ್ತು, ಅವಳು ಮಾತ್ರ ಇಂದುಮತಿ ಊಟ ಮುಗಿಸಿ ಹೋದ ಮೇಲೆ ಅಡುಗೆಮನೆಗೆ ಹೋಗತೊಡಗಿದಳು.

ಬುಧವಾರ ಚರ್ಚಿನ ಅಡುಗೆಮನೆಯಲ್ಲಿ ಶೋಭನಕ್ಕ ಆಲೂಗಡ್ಡೆ ಸುಲಿಯುತ್ತಿದ್ದಾಗ ಪದ್ಮಿನಿ ಹೋಗಿ ಎದುರಿಗೆ ನಿಂತಳು. ಬೇರೆಯವರ ಮುಂದೆ ಬೆಂಗಳೂರಿನ ಮಾತು ಆಡುತ್ತಿದ್ದವಳ ಬಾಯಲ್ಲಿ ಅಂದು ಊರಿನ ಮಾತೇ ಬಂತು.

"ಅಕ್ಕಾ, ಅದನ್ನ ನಿಮಗ ಹೇಳಿದಾಕಿ ನಾನು."

"ಹೌದು. ಕರ್ತನು ನಿನ್ನ ಬಾಯಿಂದ ತೋರಿಸಿದ. ಅದೂ ತೋರಿಸಿದ್ದೇ ತಾನೆ?"

"ಬೆಳಿಗ್ಗೆ ಪ್ರಾರ್ಥನಾದಾಗ ಕಂಡಿತು ಅಂದ್ರಿ. ಅಕಿ ನಂಬ್ಯಾಳ."

"ಪದ್ಮಿನಿ, ನಾವಿಲ್ಲಿ ಇರೋದೇ ಹದಿನೈದು ದಿನ. ಸ್ನೇಹ ಬೆಳೆಸಿ, ನಿಧಾನಕ್ಕೆ ಹೇಳೋಷ್ಟು ಟೈಮ್ ನಮಗೆಲ್ಲಿದೆ? ಆ ಹುಡುಗಿ ಅಪ್ಪನ ಹತ್ರ ನಿಜ ಹೇಳಿದ್ಲು, ಬೈಬಲ್ ಓದ್ತಿದ್ದಾಳೆ. ಇದರಲ್ಲಿ ಕೆಟ್ಟದ್ದು ಯಾವುದು, ತೋರ್ಸು."

ಶೋಭನಕ್ಕ ಕೈ ಒರೆಸಿಕೊಂಡು ಪದ್ಮಿನಿಯನ್ನು ಮೊದಲ ದಿನದ ಹಾಗೆಯೇ ಅಪ್ಪಿಕೊಂಡರು. ಆಕೆಯ ದನಿಯಲ್ಲಿ ಕಪಟವಿರಲಿಲ್ಲ. ಅದೇ ಪದ್ಮಿನಿಯನ್ನು ಹೆಚ್ಚು ಹೆದರಿಸಿತು.

ಮರುದಿನ ಮಧ್ಯಾಹ್ನ ಬಟ್ಟೆ ಒಗೆಯುವ ಕೋಣೆಯಲ್ಲಿ ಇಬ್ಬರೂ ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು ಮಡಚುತ್ತಿದ್ದಾಗ, ಶೋಭನಕ್ಕನಿಗೆ ಎಲ್ಲ ಹೇಳಿದ್ದು ತಾನೇ ಎಂದು ಪದ್ಮಿನಿ ಹೇಳಿಬಿಟ್ಟಳು. ಇಂದುಮತಿ ತನ್ನ ತುದಿಯನ್ನು ತಂದು ಪದ್ಮಿನಿಯ ಕೈಗೆ ಕೊಟ್ಟಳು.

"ಮಂಗಳವಾರ ಬೆಂಚ್ ಮೇಲೆ ಕೂತ್ಕೊಂಡಿದ್ದಾಗ್ಲೂ ಇದನ್ನೇ ಯೋಚ್ನೆ ಮಾಡ್ತಿದ್ಯಾ, ಯಾವಾಗ ಯಾರಿಗೆ ಹೇಳೋಣ ಅಂತ?"

"ಇಲ್ಲ ಕಣೇ. ಪ್ರಾರ್ಥನೆಗೆ ಅಂತ..."

"ಅಪ್ಪನಿಗೆ ಹೇಳಿದ್ದು ನಾನೇ ಅಂದ್ಕೊಂಡಿದ್ದೆ. ಜೀವನದಲ್ಲಿ ಒಂದು ಸಲ ಧೈರ್ಯ ಮಾಡ್ದೆ ಅಂದ್ಕೊಂಡಿದ್ದೆ. ಅದೂ ನೀವಿಬ್ರೂ ಸೇರ್ಕೊಂಡು ಹೇಳ್ಸಿದ್ದು."

ಬೈಬಲ್ ಅಂದು ಸಂಜೆಯೇ ಪದ್ಮಿನಿಯ ಬಾಗಿಲಿನ ಹೊರಗಿತ್ತು. ತಂಡ ಶನಿವಾರ ಹೊರಟಾಗ ಪದ್ಮಿನಿ ಕಳಿಸಿಕೊಡಲು ಹೋಗಲಿಲ್ಲ. ಜನವರಿಯಲ್ಲಿ ಇಂದುಮತಿ ಬೇರೆ ವಸತಿಗೆ ಹೋದಳು.

ಅದಕ್ಕೂ ಮೊದಲು, ಕ್ರಿಸ್‌ಮಸ್ ಹತ್ತಿರ ಬಂದಾಗ, ಬೆಟಗೇರಿಯಿಂದ ತಾಯಿ ಸಂಭ್ರಮದಿಂದ ಫೋನ್ ಮಾಡಿದರು. "ನಿಮ್ಮ ಕಡೆ ದೊಡ್ಡ ಅದ್ಭುತ ಆಗೇತಂತಲ್ಲ? ಬೆಂಗಳೂರಿನಿಂದ ಪತ್ರ ಬಂದಿತ್ತು, ಆರಾಧನೆಯೊಳಗ ಓದಿದ್ರು. ದಾವಣಗೆರಿ ಹುಡುಗಿಗೆ ಕರ್ತನು ದರ್ಶನದಿಂದ ಮಾತಾಡಿದನಂತ. ಎಲ್ಲಾರೂ ಸ್ತೋತ್ರ ಹೇಳಿದ್ವಿ."

ಪದ್ಮಿನಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ತಾಯಿ ಸಿಟ್ಟಾಗುತ್ತಾರೆ, ಪಾದ್ರಿಗಳಿಗೆ ಹೇಳುತ್ತಾರೆ, ಕನಿಷ್ಠ ಪಕ್ಷ ತನ್ನ ಜೊತೆ ಅಳುತ್ತಾರೆ ಎಂದುಕೊಂಡಿದ್ದಳು.

"ಹೋಗ್ಲಿ ಬಿಡವಾ," ಎಂದರು ತಾಯಿ. "ಮಂದಿ ನಂಬಿಕಿ ಬಲ ಆಗೇತಿ. ನೀ ಯಾರ ಮುಂದೂ ಇದನ್ನ ಹೇಳಬ್ಯಾಡ."

ಅವಳು ಯಾರ ಮುಂದೂ ಹೇಳಲಿಲ್ಲ. ಓದು ಮುಗಿದ ಮೇಲೆ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾದಳು. ಭಾನುವಾರ ಈಗಲೂ ಚರ್ಚಿಗೆ ಹೋಗುತ್ತಾಳೆ, ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಪ್ರಾರ್ಥನೆಗೆ ಯಾರ ಹೆಸರಾದರೂ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾಳೆ.

2009ರ ವಸಂತದಲ್ಲಿ ಟ್ರೇನಿಂಗಿಗೆಂದು ರಾಜಧಾನಿಯ ಅಂಚಿನ ಕಿಸ್ಟಾಕ್ಕೆ ಹೋಗಿದ್ದಾಗ ಮೆಟ್ರೋ ಸ್ಟೇಷನ್ನಿನಲ್ಲಿ ಇಂದುಮತಿ ಸಿಕ್ಕಳು. ತಡವಾಗಿಯಾದರೂ ಎಲ್ಲ ಪಾಸು ಮಾಡಿ ಅಲ್ಲೇ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಜೊತೆಗೊಬ್ಬಳು ಕನ್ನಡದ ಸಹೋದ್ಯೋಗಿ ಇದ್ದಳು. "ಲಿಂಕೋಪಿಂಗ್‌ನಲ್ಲಿ ನನ್ನ ಪಕ್ಕದ ರೂಮ್‌ನಲ್ಲಿದ್ರು," ಎಂದು ಪರಿಚಯಿಸಿದಳು. ಒಮ್ಮೆ 'ಕೇಳಿದ್ಯೇನೇ' ಎನ್ನುತ್ತಿದ್ದ ಬಾಯಲ್ಲಿ ಆ 'ದ್ರು' ಪದ್ಮಿನಿಗೆ ಕೇಳಿಸಿತು.

"ಅಪ್ಪ ಹೇಗಿದ್ದಾರೆ?" ಎಂದು ಕೇಳಿದಳು.

"ಚೆನ್ನಾಗಿದ್ದಾರೆ," ಎಂದಳು ಇಂದುಮತಿ.

ರೈಲು ಬಂತು. ಇಂದುಮತಿಯೂ ಸಹೋದ್ಯೋಗಿಯೂ ಹತ್ತಿಕೊಂಡು ಹೋದರು. ಪದ್ಮಿನಿಯೂ ಅದೇ ರೈಲಿಗೆ ಹೋಗಬೇಕಿತ್ತು. ಅವಳು ಮುಂದಿನದಕ್ಕೆ ಕಾದಳು.